ಗುಡುಗಮ್ಮನ ಏರು

ಶವಪೆಟ್ಟಿಗೆಯೊಳಗಿಂದ ಹೆಲ್ಮೆಟ್ಟನ್ನು ಕಿತ್ತು ತೆಗೆದು, ಅದನ್ನು ಇಟ್ಟವರ ಕೈಗೇ ಆಕೆ ವಾಪಸು ತುರುಕಿದಳು.

"ಇನ್ನೂ ಬಿದ್ದು ತಲೆ ಒಡ್ಕೋತಾರೆ ಅಂತ ಹೆದರಿಕೇನಾ ನಿಮಗೆ?"

ಇಟ್ಟವರು ಹಲ್ಲಿನ ಡಾಕ್ಟರು. ಎಷ್ಟೋ ವರ್ಷಗಳಿಂದ ಭಾನುವಾರ ತಪ್ಪದೆ ಸತ್ತವರ ಜೊತೆ ಸೈಕಲ್ ತುಳಿದ ಗೆಳೆಯ. ಬೇರೆಯವರ ಬಾಯಿ ತೆರೆಸುವುದೇ ಕಸುಬಾದ ಮನುಷ್ಯ, ಈಗ ಸ್ವಂತ ಬಾಯಿ ತೆರೆಯಲಾರದೆ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ನಿಂತರು. ಇರಲಿ ಅಂತ ಇಟ್ಟೆ ಅತ್ತಿಗೆ, ಅವನಿಗೆ ಇಷ್ಟ, ಎಂದೇನೋ ಗೊಣಗಿದರು.

"ಇವರ ಇಷ್ಟ ನನಗೆ ಹೇಳಿಕೊಡಬೇಡಿ. ಕನ್ನಡಕ ಎಲ್ಲಿ ಇವರದು?"

ನಿಜವೇ. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟ ಮನುಷ್ಯ ಬರಿಗಣ್ಣಿನಲ್ಲಿ ಮಲಗಿದ್ದರು. ಮನೆ ತುಂಬ ಜನ, ಒಬ್ಬರಿಗೂ ಹೊಳೆದಿರಲಿಲ್ಲ. ಮಗಳು ಒಳಗೆ ಓಡಿ ತಂದಳು. ಆಕೆ ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಕರ್ಚೀಫಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿ ಗಂಡನ ಕಿವಿಗೆ ಸಿಕ್ಕಿಸಿದಳು. ಆಮೇಲೆಯೇ ಅದು ಅವರ ಮುಖದ ಹಾಗೆ ಕಂಡದ್ದು.

ಅವರು ಹೋದದ್ದು ಮೊನ್ನೆ ಮಧ್ಯಾಹ್ನ, ಅಂಗಡಿಯಲ್ಲಿ. ಗಿರಾಕಿಯೊಬ್ಬ ಎದ್ದುಹೋದ ಮೇಲೆ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ತಾವೇ ಕೂತು, ಎದುರು ಗೋಡೆಯ ಅಕ್ಷರಗಳನ್ನು ನೋಡುತ್ತ ನೋಡುತ್ತ ಹಾಗೇ ಹೋಗಿಬಿಟ್ಟಿದ್ದರು. ಮುಂದಿನ ಗಿರಾಕಿ ಒಳಗೆ ಇಣುಕಿ, ಊಟದ ಮೇಲಿನ ಜೋಂಪು ಇರಬೇಕೆಂದುಕೊಂಡು, ಪಾಪ, ಸದ್ದು ಮಾಡದೆ ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದ. ಹೋಗಿಬರುತ್ತೇನೆ ಎಂದು ಹೇಳಿ ಹೋಗುವ ಜಾಯಮಾನವೇ ಅಲ್ಲ ಆ ಮನುಷ್ಯನದು. ಹೇಳದೆ ಹೋಗುವುದು, ಕೇಳಿದರೆ ನಗುವುದು. ಆಕೆಗೆ ಅಳು ಬರುವ ಮೊದಲೇ ಸಿಟ್ಟು ಬಂದಿತ್ತು, ಬಂದದ್ದು ಇನ್ನೂ ಇಳಿದಿರಲಿಲ್ಲ.

ಅದರ ಮೇಲೆ ಈಗ ದಾರಿಯ ಜಗಳ ಬೇರೆ.

ಸ್ಮಶಾನವಿದ್ದದ್ದು ಹೊಳೆಯ ಆಚೆ, ಗುಡ್ಡದ ಮೇಲೆ. ಅಲ್ಲಿಗೆ ಎರಡು ದಾರಿ. ಒಂದು ಟಾರು ರಸ್ತೆ. ಊರು ಸುತ್ತಿ, ದೊಡ್ಡ ಸೇತುವೆ ದಾಟಿ, ಪೆಟ್ರೋಲ್ ಬಂಕಿನ ಪಕ್ಕದಿಂದ ಹೋಗುವಂಥದ್ದು. ಇನ್ನೊಂದು ಜಲ್ಲಿ ದಾರಿ. ಕಾಡಿನೊಳಗೆ ಕಣಿವೆಗೆ ಇಳಿದು, ಹೊಳೆಯ ಪಕ್ಕದಲ್ಲೇ ಹೋಗಿ, ಕಿರುಸೇತುವೆ ದಾಟಿ, ಒಂದು ಕಡಿದಾದ ಏರು ಹತ್ತಿದರೆ ನೇರ ಸ್ಮಶಾನದ ಹಿಂಬಾಗಿಲು. ಮರ ಸಾಗಿಸುವ ಲಾರಿಗಳಿಗೆಂದು ಎಂದೋ ಮಾಡಿದ ದಾರಿ ಅದು. ಲಾರಿಗಳು ನಿಂತು ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಓಡಾಡುತ್ತಿದ್ದದ್ದು ಅರಣ್ಯ ಇಲಾಖೆಯ ಜೀಪು, ಬಿಟ್ಟರೆ ಬಾಗಿದ ಹ್ಯಾಂಡಲಿನ ದಪ್ಪ ಟೈರಿನ ಸೈಕಲ್ಲುಗಳು.

ಅವನು ಆ ದಾರಿಯಲ್ಲೇ ಹೋಗಬೇಕು ಅಂದಿದ್ದ, ಎಂದರು ಹಲ್ಲಿನ ಡಾಕ್ಟರು. ವ್ಯಾನು ಟಾರು ರಸ್ತೆಗೇ ಗೊತ್ತು ಮಾಡಿಯಾಗಿದೆ, ಸಮಯಕ್ಕೆ ತಲುಪಬೇಕು, ಎಂದರು ಸತ್ತವರ ಅಣ್ಣ. ಇವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ತಮ್ಮನ ಸಾವಿನ ಮನೆಯಲ್ಲೂ ಗಡಿಯಾರದಿಂದ ಕಣ್ಣು ಕಿತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಯಿತು. ಕೊನೆಗೆ ಇಬ್ಬರೂ ಆಕೆಯ ಮುಖ ನೋಡಿದರು.

"ಯಾವಾಗ ಹೇಳಿದ್ರು ಇವರು ನಿಮಗೆ?" ಆಕೆ ಡಾಕ್ಟರನ್ನು ಕೇಳಿದಳು.

"ಆಗಾಗ ಹೇಳ್ತಿದ್ದ ಅತ್ತಿಗೆ. ಹೊಳೆ ಪಕ್ಕ ಟೀ ಕುಡಿಯೋವಾಗ. ನಾನು ಸತ್ರೆ ಈ ದಾರೀಲೇ ತಗೊಂಡು ಹೋಗ್ರೋ ಅಂತ."

"ನನಗೆ ಹೇಳಿಲ್ಲ."

"ತಮಾಷೆಗೆ ಹೇಳ್ತಿದ್ದ ಅಂತ..."

"ತಮಾಷೆಗಾದ್ರೂ ನನಗೆ ಹೇಳಿಲ್ಲ," ಎಂದಳು ಆಕೆ. "ಟಾರು ರಸ್ತೇಲೇ ಹೋಗಲಿ ವ್ಯಾನು."

ಸ್ಟೇಷನ್ ಮಾಸ್ತರರು ಗಡಿಯಾರ ನೋಡಿಕೊಂಡು, ಸರಿ ಹಾಗಾದರೆ, ಎಂದರು.

*

ಭಾನುವಾರ ಬೆಳಗಾಗುತ್ತಿದ್ದದ್ದು ಪಂಪಿನ ಸದ್ದಿನಿಂದ. ವರಾಂಡದಲ್ಲಿ ಟೈರಿಗೆ ಗಾಳಿ ಹೊಡೆಯುವ ಸುಸ್, ಸುಸ್. ಆಕೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ, ಹೊರಟಿತು ಸವಾರಿ, ಎಂದುಕೊಳ್ಳುವಳು. ಮಧ್ಯಾಹ್ನದ ಹೊತ್ತಿಗೆ ಮನುಷ್ಯ ವಾಪಸು. ಮೊಣಕಾಲಿನವರೆಗೆ ಕೆಸರು, ಸಾಕ್ಸಿನ ತುಂಬ ಒಣಗಿದ ಹುಲ್ಲಿನ ಮುಳ್ಳು. ಸ್ನಾನ ಮಾಡಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಊಟಕ್ಕೆ ಬಂದು ಕೂರುವುದು.

ಎಲ್ಲಿಗೆ ಹೋಗಿದ್ರಿ ಎಂದರೆ, ಹೊಳೆ ಕಡೆ. ಹೇಗಿತ್ತು ಎಂದರೆ, ಚೆನ್ನಾಗಿತ್ತು. ಮುಗಿಯಿತು. ದಿನವಿಡೀ ಗಿರಾಕಿಗಳ ಹತ್ತಿರ ಇದು ಚೆನ್ನಾಗಿ ಕಾಣುತ್ತೋ, ಅದು ಚೆನ್ನಾಗಿ ಕಾಣುತ್ತೋ ಎಂದು ಗಾಜು ಬದಲಿಸಿ ಬದಲಿಸಿ ಕೇಳುವ ಮನುಷ್ಯ, ಮನೆಯಲ್ಲಿ ತಾನು ಏನು ಕಂಡೆ ಎಂದು ಹೇಳುತ್ತಿರಲಿಲ್ಲ. ಹೋಗಲಿ, ನೀನೂ ಒಂದು ಸಲ ಬಾ ಅಂತಾದರೂ ಕರೆಯಬಾರದೇ? ಸೈಕಲ್ಲಿಗೆ ಬೇಡ, ಟೀ ಕುಡಿಯುವ ಜಾಗಕ್ಕೆ ಆಟೋದಲ್ಲಿ ಬಾ ಎನ್ನಬಹುದಿತ್ತು. ಕರೆಯಲಿಲ್ಲ. ಆಕೆಯೂ ಕೇಳಲಿಲ್ಲ. ಕೇಳಿಕೊಂಡು ಹೋಗುವಷ್ಟು ಗತಿಗೆಟ್ಟಿಲ್ಲ ನಾನು, ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಆಕೆಯದು ದೊಡ್ಡ ಗಂಟಲು. ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಚೀಟಿ ಬರೆದು ಹೆಸರು ಕೂಗುವ ಕೆಲಸ ಮಾಡಿದವಳು. ಮೈಕು ಬರುವ ಮುಂಚಿನ ಕಾಲ. ಆಕೆ ಕೂಗಿದರೆ ಗೇಟಿನಾಚೆ ಟೀ ಕುಡಿಯುತ್ತಿದ್ದ ರೋಗಿಯೂ ಲೋಟ ಬಿಟ್ಟು ಓಡಿಬರುತ್ತಿದ್ದ. ಆಮೇಲೆ ಮೈಕು ಬಂದರೂ ಡಾಕ್ಟರುಗಳು ಈಕೆಯೇ ಇರಲಿ ಎಂದಿದ್ದರು. ಆ ಗಂಟಲು ಮನೆಗೂ ಬರುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ. ಬಂದಷ್ಟೇ ಬೇಗ ಇಳಿಯುವಂಥದ್ದು. ಆಕೆ ಕೂಗಿ ಕೂಗಿ ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಕನ್ನಡಕ ತೆಗೆದು ಒರೆಸುತ್ತ, "ಆಯ್ತಾ ಗುಡುಗಮ್ಮ? ಮಳೆ ಯಾವಾಗ ಮತ್ತೆ?" ಎನ್ನುತ್ತಿದ್ದರು. ನಗಬಾರದು ಎಂದುಕೊಂಡರೂ ನಗು ಬಂದುಬಿಡುತ್ತಿತ್ತು ಆಕೆಗೆ.

ಆ ಹೆಸರು ಯಾವಾಗ ಹುಟ್ಟಿತೋ ನೆನಪಿರಲಿಲ್ಲ. ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ ಓಡಾಡುವ ಹೆಸರು ಅದು. ನೆಂಟರ ಮುಂದೆ, ಅಂಗಡಿಯಲ್ಲಿ, ಬೀದಿಯಲ್ಲಿ ಒಂದು ಸಲವೂ ಅವರ ಬಾಯಿಂದ ಬಿದ್ದಿರಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದಸ್ಥ ಎಂದು ಆಕೆ ನಂಬಿಕೊಂಡಿದ್ದಳು.

*

ವ್ಯಾನು ಬರಲು ಇನ್ನೂ ಹೊತ್ತಿತ್ತು. ಹೊರಗೆ ಕಾಂಪೌಂಡಿನ ಗೋಡೆಗೆ ಸಾಲಾಗಿ ಸೈಕಲ್ಲುಗಳು ಒರಗಿದ್ದವು. ಬರುವವರು ಬರುತ್ತಲೇ ಇದ್ದರು. ಕೆಲವರು ಆಕೆ ಕಂಡೇ ಇರದವರು. ಇವರಿಗೆಲ್ಲ ಈ ಮನುಷ್ಯ ಹೇಗೆ ಗೊತ್ತು ಎಂದು ಆಕೆ ಒಂದೊಂದು ಮುಖವನ್ನೂ ದಿಟ್ಟಿಸಿ ನೋಡುತ್ತಿದ್ದಳು. ಎಲ್ಲರ ಬಾಯಲ್ಲೂ ಒಂದೇ ರಾಗ. ಎಂಥ ಮಾತುಗಾರರು, ಎಷ್ಟು ನಗಿಸುತ್ತಿದ್ದರು, ಹೊಳೆಯ ಪಕ್ಕ ಕೂತರೆ ಹಾಡು ಬೇರೆ ಹೇಳುತ್ತಿದ್ದರು.

ಹಾಡು! ಆಕೆಯ ಮೈ ಉರಿದುಹೋಯಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಬಚ್ಚಲುಮನೆಯಲ್ಲಿ ಕೂಡ ಒಂದು ಸಾಲು ಗುನುಗಿದ್ದು ಕೇಳಿದವಳಲ್ಲ. ಮಾತು, ನಗು, ಹಾಡು ಎಲ್ಲ ಕಾಡಿಗೆ ಹೊತ್ತು ಹೋಗಿ ಸುರಿದು, ಮನೆಗೆ ಕೆಸರು ಹೊತ್ತು ತಂದರಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ ಎಂದುಕೊಂಡಳು.

ಆ ಹೊತ್ತಿಗೆ ಹೊಳೆಯಾಚೆಯ ಊರಿನ ಸೈಕಲ್ ಸಂಘದ ಹೆಂಗಸೊಬ್ಬಳು ಬಂದು ಆಕೆಯ ಕೈ ಹಿಡಿದುಕೊಂಡಳು. ಮಧ್ಯವಯಸ್ಸಿನವಳು, ಒಳ್ಳೆಯವಳು, ಕಣ್ಣು ಒದ್ದೆಯಾಗಿತ್ತು. ಬೂಟಿನ ಕೆಸರಿಗೆ ಕ್ಷಮೆ ಕೇಳಿದಳು. ಕಾಡಿನ ದಾರಿಯಲ್ಲೇ ಬಂದೆವು, ಅವರ ನೆನಪಿಗೆ, ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ದುಃಖದ ಮನೆಯಲ್ಲಿ ಏನಾದರೂ ಹಗುರ ಮಾತು ಆಡಬೇಕೆಂದು ಕೆಲವರಿಗೆ ಅನ್ನಿಸುತ್ತದಲ್ಲ, ಅವಳಿಗೂ ಅನ್ನಿಸಿತು.

"ಗುಡುಗಮ್ಮನ ಏರು ಇಳಿಯೋವಾಗ್ಲೇ ನಮ್ಮ ಬ್ರೇಕೆಲ್ಲ ಸುಟ್ಟ ವಾಸನೆ ಬಂತಮ್ಮ. ವಾಪಸ್ ಹತ್ತೋದು ನೆನೆಸ್ಕೊಂಡ್ರೆ ಈಗ್ಲೇ ಕಾಲು ನಡುಗುತ್ತೆ. ಯಾವ ಮಹಾತಾಯಿ ಹೆಸರೋ ಏನೋ. ಅವಳ ಗಂಡನ ಗತಿ ಏನಾಗಿತ್ತೋ ಅಂತ ನಾವು ಯಾವಾಗ್ಲೂ ನಗ್ತಿರ್ತೀವಿ."

ಆಕೆ ಕೈ ಬಿಡಿಸಿಕೊಂಡಳು.

"ಏನು ಏರು ಅಂದ್ರಿ?"

ಹೆಂಗಸು ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಿದ್ದದ್ದು ಆಕೆಗೆ ಕಂಡಿತು.

"ಡಾಕ್ಟ್ರೇ. ನಿಂತ್ಕೊಳ್ಳಿ ಅಲ್ಲೇ."

ಆಸ್ಪತ್ರೆಯ ಗಂಟಲು ಅದು. ಡಾಕ್ಟರು ನಿಂತರು, ಅವರ ಜೊತೆ ಕಾಫಿ ಲೋಟ ಹಿಡಿದವರು, ಕುರ್ಚಿ ಎಳೆಯುತ್ತಿದ್ದವರು, ಹೊರಗೆ ಗೇಟಿನ ಹತ್ತಿರ ಮಾತಾಡುತ್ತಿದ್ದವರು ಎಲ್ಲರೂ ನಿಂತರು. ಗುಟ್ಟು ರಟ್ಟಾಗಿತ್ತು. ಡಾಕ್ಟರು ತಪ್ಪು ಮಾಡಿದ ಹುಡುಗನ ಹಾಗೆ ಒಪ್ಪಿಸಿದರು. ಅವರ ಗುಂಪಿನಲ್ಲಿ ಒಂದು ಪದ್ಧತಿ. ಕಾಡಿನಲ್ಲಿ ಹೊಸ ದಾರಿ ಯಾರು ಮೊದಲು ತೋರಿಸುತ್ತಾರೋ ಆ ದಾರಿಗೆ ಅವರೇ ಹೆಸರಿಡಬೇಕು. ಬೇಕರಿಯವನು ತೋರಿಸಿದ ಬಿಳಿ ಧೂಳಿನ ದಾರಿಗೆ ಹಿಟ್ಟಿನ ದಾರಿ. ಬಂಡೆಗಳ ಮೇಲೆ ತಾವೇ ಬಿದ್ದು ಸ್ವಂತ ಹಲ್ಲು ಮುರಿದುಕೊಂಡ ಜಾಗಕ್ಕೆ ಡಾಕ್ಟರ ಹಲ್ಲು. ಆ ಏರನ್ನು ತೋರಿಸಿದ್ದು ಕನ್ನಡಕದವರು. ಅವರು ಇಟ್ಟ ಹೆಸರು ಅದು. ಆಮೇಲೆ ಯಾರೋ ಅದನ್ನೆಲ್ಲ ಫೋನಿನ ನಕ್ಷೆಗೆ ಹಾಕಿದರು. ಈಗ ಎಲ್ಲೆಲ್ಲಿಂದಲೋ ಸೈಕಲ್ಲು ತರುವವರಿಗೂ ಗೊತ್ತು.

"ಎಲ್ಲೆಲ್ಲಿಂದಲೋ," ಎಂದಳು ಆಕೆ.

"ಹೆಸರು ಮಾತ್ರ ಅತ್ತಿಗೆ. ನೀವೇ ಅಂತ ನಮ್ಮ ನಾಲ್ಕು ಜನಕ್ಕೆ ಬಿಟ್ರೆ..."

ಮಗಳು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಹೆತ್ತ ಮಗಳು ಯಾವಾಗ ಯಾತಕ್ಕೆ ತುಟಿ ಕಚ್ಚಿಕೊಳ್ಳುತ್ತಾಳೆಂದು ತಾಯಿಗೆ ಗೊತ್ತಿರುವುದಿಲ್ಲವೇ?

"ನಿನಗೂ ಗೊತ್ತಿತ್ತು."

"ಫೋನಲ್ಲಿ ನೋಡಿದ್ದೆ ಅಮ್ಮ. ಅಪ್ಪ ಹೇಳ್ಬೇಡ ಅಂದಿದ್ರು."

ಆಕೆ ಗಂಡನ ಅಣ್ಣನ ಕಡೆ ತಿರುಗಿದಳು. "ಭಾವ, ನಿಮಗೂನಾ?"

ಸ್ಟೇಷನ್ ಮಾಸ್ತರರು ಗಡಿಯಾರ ನೋಡಿಕೊಂಡರು.

ಸಾಕಲ್ಲ. ಊರಿಗೆಲ್ಲ ಗೊತ್ತು, ಹೊಳೆಯಾಚೆಯ ಊರಿಗೆ ಗೊತ್ತು, ರೈಲ್ವೆ ಇಲಾಖೆಗೂ ಗೊತ್ತು. ಗೊತ್ತಿಲ್ಲದವಳು ಆಕೆ ಒಬ್ಬಳೇ. ಮನೆಯೊಳಗೆ ಪ್ರೀತಿಯಿಂದ ಕರೆಯುತ್ತಾರೆ ಎಂದು ನಂಬಿಕೊಂಡಿದ್ದ ಹೆಸರನ್ನು ಒಯ್ದು ಕಾಡಿನಲ್ಲಿ ನೇತುಹಾಕಿ, ಕಂಡಕಂಡವರು ಅದರ ಮೇಲೆ ಟೈರು ಹತ್ತಿಸಿ, ಏದುಸಿರು ಬಿಟ್ಟು, ಶಾಪ ಹಾಕಿ ಹೋಗುವ ಹಾಗೆ ಮಾಡಿದ್ದರು. ಆ ಕಣಿವೆಯಲ್ಲಿ ಹೂ ಬಿಡುವ ಮರ ಒಂದೂ ಇರಲಿಲ್ಲವೇ? ಹೊಳೆಯಲ್ಲಿ ತಿಳಿನೀರಿನ ಮಡು ಇರಲಿಲ್ಲವೇ? ಹೆಂಡತಿಯ ಹೆಸರಿಡಲು ಸಿಕ್ಕಿದ್ದು ಎಲ್ಲರ ಉಸಿರು ಕೀಳುವ ಏರು.

"ಅಲ್ಲಿ ಬೋರ್ಡೂ ಇದೆಯಾ?" ಎಂದು ಕೇಳಿದಳು. ಇರದಿದ್ದರೆ ಸಾಕು ಎಂದು ಒಳಗೊಳಗೇ ಅನ್ನಿಸಿತ್ತು.

"ಇದೆ ಅತ್ತಿಗೆ," ಎಂದರು ಡಾಕ್ಟರು. "ಎಚ್ಚರಿಕೆಗೆ ಅಂತ ಸಂಘದವರು..."

"ಎಚ್ಚರಿಕೆಗೆ!" ಆಕೆ ಎದ್ದು ನಿಂತಳು. "ಭಾವ, ವ್ಯಾನಿನವನಿಗೆ ಹೇಳಿ, ಕಾಡಿನ ದಾರೀಲಿ ಹೋಗೋದು ಅಂತ. ಡಾಕ್ಟ್ರೇ, ಸ್ಪ್ಯಾನರ್ ತಗೊಳ್ಳಿ. ಆ ಬೋರ್ಡು ಕಿತ್ತು ಇವರ ಜೊತೆಗೇ ಮಣ್ಣಿಗೆ ಹಾಕ್ತೀನಿ."

ಸ್ಟೇಷನ್ ಮಾಸ್ತರರು ಸಮಯದ ಮಾತೆತ್ತಲು ಹೋಗಿ, ಆಕೆಯ ಮುಖ ನೋಡಿ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು. ಗೆಳೆಯನ ಆಸೆ ನೆರವೇರಿತೆಂದು ಸಂತೋಷಪಡಬೇಕೋ ಬೇಡವೋ ತಿಳಿಯದೆ ಡಾಕ್ಟರು ಸ್ಪ್ಯಾನರ್ ಹುಡುಕಲು ಹೋದರು.

*

ವ್ಯಾನು ಊರು ಬಿಟ್ಟು ಕಣಿವೆಗೆ ಇಳಿಯಿತು. ಆಕೆ ಮುಂದೆ ಡ್ರೈವರನ ಪಕ್ಕ ಕೂತಿದ್ದಳು, ಬಾಗಿಲ ಕಡೆ ಭಾವ. ಹಿಂದೆ ಪೆಟ್ಟಿಗೆಯ ಜೊತೆ ಮಗಳು. ಅದರ ಹಿಂದೆ ಸೈಕಲ್ಲುಗಳ ಸಾಲು. ಚಕ್ರದಡಿ ಜಲ್ಲಿ ಚಟಪಟ ಸಿಡಿದು ವ್ಯಾನಿನ ಹೊಟ್ಟೆಗೆ ಬಡಿಯುತ್ತಿತ್ತು. ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡು ದಾರಿ ಹಸಿರು ಕತ್ತಲೆಯಾಗಿತ್ತು. ಎಡಕ್ಕೆ ಹೊಳೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಸದ್ದಷ್ಟೇ ಕೇಳುತ್ತಿತ್ತು.

ಇಷ್ಟು ಚೆನ್ನಾಗಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಾಗಿ ಸಿಟ್ಟು ಇನ್ನಷ್ಟು ಏರಿತು. ಹೊಳೆ ಕಡೆ, ಚೆನ್ನಾಗಿತ್ತು! ಬಂಡೆಗಳ ಮೇಲಿನ ಪಾಚಿ, ನೀರಿನ ಮೇಲೆ ಬಿದ್ದ ಬಿಸಿಲು, ಸೇತುವೆಯ ಕಂಬದ ಮೇಲೆ ಕತ್ತು ಒಳಗೆಳೆದುಕೊಂಡು ಕೂತ ಮಿಂಚುಳ್ಳಿ. ಇದನ್ನೆಲ್ಲ ವಾರವಾರ ಕಂಡು ಬಂದು, ಎರಡು ಮಾತಿನಲ್ಲಿ ಕಟ್ಟಿ ಮೂಲೆಗೆ ಎಸೆದರಲ್ಲ. ಕಂಡದ್ದು ಒಂದಿಷ್ಟು ಮನೆಗೂ ತಂದಿದ್ದರೆ ಇವರ ಗಂಟು ಹೋಗುತ್ತಿತ್ತೇ?

ಕಿರುಸೇತುವೆ ದಾಟಿದ ಮೇಲೆ ದಾರಿ ತಟ್ಟನೆ ಮೇಲಕ್ಕೆ ಎದ್ದಿತು. ಅಲ್ಲೇ ಇತ್ತು ಬೋರ್ಡು. ಕಬ್ಬಿಣದ ಕಂಬ, ಹಳದಿ ತಗಡು, ಕಪ್ಪು ಅಕ್ಷರ. ಗುಡುಗಮ್ಮನ ಏರು. ಮುಂದೆ ಕಡಿದಾದ ದಾರಿ, ಗೇರ್ ಇಳಿಸಿ.

"ನಿಲ್ಲಿಸು," ಎಂದಳು. ಭಾವ ಇಳಿದು ದಾರಿ ಬಿಟ್ಟರು.

ಆಕೆ ಇಳಿದು ಬೋರ್ಡಿನ ಮುಂದೆ ನಿಂತು ಎರಡೆರಡು ಸಲ ಓದಿದಳು. ಕಂಬ ಹಿಡಿದು ಅಲ್ಲಾಡಿಸಿದಳು. ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಸೈಕಲ್ಲಿನಿಂದ ಇಳಿದು ಸ್ಪ್ಯಾನರ್ ಹಿಡಿದು ಬಂದರು. ಬಂದವರು ಬೋಲ್ಟಿಗೆ ಕೈ ಹಾಕದೆ ಅಲ್ಲೇ ತಡೆದು ನಿಂತರು.

"ಅತ್ತಿಗೆ, ಕೀಳೋಕೆ ಮುಂಚೆ ಒಂದು ಮಾತು. ನಮ್ಮಲ್ಲಿ ಏರು ಹತ್ತೋವಾಗ ಯಾರು ಕಾಲು ಊರ್ತಾರೋ ಅವರು ಎಲ್ಲರಿಗೂ ಟೀ ಕುಡಿಸಬೇಕು. ಅವನು ಎಂಥೆಂಥ ಏರಲ್ಲೂ ಕಾಲು ಊರ್ತಿರ್ಲಿಲ್ಲ. ನಮ್ಮೆಲ್ಲರಿಗಿಂತ ಗಟ್ಟಿ. ಆದ್ರೆ ಇಲ್ಲಿ ಬಂದ ತಕ್ಷಣ ಇಳೀತಿದ್ದ. ಪ್ರತಿ ಭಾನುವಾರ, ಇದೇ ಜಾಗದಲ್ಲಿ. ಸೈಕಲ್ ತಳ್ಕೊಂಡು ಮೇಲಿನವರೆಗೂ ನಡೀತಿದ್ದ. ಟೀ ಯಾವಾಗ್ಲೂ ಅವನದೇ."

"ಯಾಕೆ?"

"ಕೇಳಿದ್ವಿ. ತುಳಿಯೋಕೆ ಹೋದ್ರೆ ನನ್ನ ಉಸಿರಿನ ಸದ್ದೇ ಕಿವಿ ತುಂಬುತ್ತೆ ಕಣೋ, ಮಾತು ಕೇಳಿಸಲ್ಲ ಅಂತಿದ್ದ. ಯಾರ ಮಾತು ಅಂದ್ರೆ ನಗ್ತಿದ್ದ. ಹೊಳೆಯ ಮಾತಿರಬೇಕು ಅಂದ್ಕೊಂಡು ನಾವು ಸುಮ್ಮನಾದ್ವಿ."

ಆಕೆ ತಲೆಯೆತ್ತಿ ದಾರಿಯ ಮೇಲ್ಗಡೆ ನೋಡಿದಳು. ತಿರುವಿನಲ್ಲಿ ಒಂದು ದೊಡ್ಡ ಬಂಡೆ, ನಡುವೆ ಸೀಳಿಕೊಂಡಿತ್ತು. ಸೀಳಿನೊಳಗಿಂದ ಒಂದು ಮರ ಎದ್ದಿತ್ತು. ಮರ ಈಗ ಬಂಡೆಗಿಂತ ದೊಡ್ಡದಾಗಿತ್ತು. ಎಷ್ಟೋ ವರ್ಷದ ಹಿಂದೆ, ಒಂದೇ ಸಲ, ಆಕೆ ಕಂಡಾಗ ಅದು ಮೊಣಕಾಲೆತ್ತರದ ಗಿಡ. ಮರೆತೇಹೋಗಿತ್ತು.

*

ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಮೇಲಿನಿಂದ ಹೊಳೆ ಚೆನ್ನಾಗಿ ಕಾಣುತ್ತದೆ ಬಾ ಎಂದು ಅವರು ಆಕೆಯನ್ನು ಹಳೆಯ ಕಬ್ಬಿಣದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟಿದ್ದರು. ಏರಿನ ಬುಡದಲ್ಲೇ ಚೈನು ಕಡಿಯಿತು. ಕಡಿದ ಚೈನನ್ನು ಕೈಯಲ್ಲಿ ಹಿಡಿದು ಪೆಚ್ಚುಮೋರೆ ಹಾಕಿಕೊಂಡು ನಿಂತರು. ರಿಪೇರಿಯ ಸಾಮಾನು ತಂದಿಲ್ಲ. ಆಕೆಯದು ಹೊಸ ಚಪ್ಪಲಿ, ಆಗಲೇ ಕಚ್ಚುತ್ತಿತ್ತು. ವಾಪಸು ಹೋಗೋಣವೆಂದರೆ, ಇಷ್ಟು ದೂರ ಬಂದು ನೋಡದೆ ಹೋಗುವುದೇ ಎಂದು ಆತನ ಮೊಂಡುತನ.

ಅಲ್ಲಿಂದ ಶುರುವಾಯಿತು ಆಕೆಯ ಬಾಯಿ. ಮದುವೆಯಾದ ಮೇಲೆ ಮೊದಲ ಸಲ. ಹೊಸ ಹೆಂಡತಿ ಎಂದು ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಹೊರಬಂತು. ಗಾಜು ಉಜ್ಜುವವರಿಗೆ ಚೈನು ನೋಡಿಕೊಂಡು ಬರಬೇಕೆಂದು ತಿಳಿಯುವುದಿಲ್ಲವೇ, ಹೊಳೆ ನೋಡಬೇಕಾದರೆ ಹೊಳೆಯ ಹತ್ತಿರ ಹೋಗಬೇಕು, ಗುಡ್ಡ ಯಾಕೆ ಹತ್ತಬೇಕು, ನಿಮ್ಮನ್ನು ಕಟ್ಟಿಕೊಂಡು ನಾನು ಇನ್ನೇನೇನು ಹತ್ತಬೇಕೋ. ಸೀಳು ಬಂಡೆ ದಾಟಿತು, ತಿರುವು ದಾಟಿತು, ಬಾಯಿ ನಿಲ್ಲಲಿಲ್ಲ. ಅವರು ಹಿಂದೆ ಸೈಕಲ್ ತಳ್ಳಿಕೊಂಡು ಒಂದೂ ಮಾತಾಡದೆ ಬರುತ್ತಿದ್ದರು.

ತುದಿ ತಲುಪಿದಾಗ ಗಂಟಲು ಒಣಗಿಹೋಗಿತ್ತು. ತಿರುಗಿ ನೋಡುವಷ್ಟೂ ಸೌಜನ್ಯ ತೋರಿಸಬಾರದೆಂದು, ಆಕೆ ಹಾಗೇ ಕೈಯನ್ನು ಹಿಂದಕ್ಕೆ ಚಾಚಿ, "ರೀ, ನೀರು," ಎಂದಳು. ಅವರ ಹತ್ತಿರ ಒಂದು ತಗಡಿನ ನೀರಿನ ಬಾಟಲಿಯಿತ್ತು. ಅದರ ಮುಚ್ಚಳ ಅವರಿಗಲ್ಲದೆ ಇನ್ಯಾರ ಕೈಗೂ ತೆರೆಯುತ್ತಿರಲಿಲ್ಲ. ಚಾಚಿದ ಕೈಗೆ ಬಾಟಲಿ ಬಂತು, ಮುಚ್ಚಳ ಆಗಲೇ ತೆಗೆದಿತ್ತು. ಕುಡಿದು ತಿರುಗಿದಳು. ಆತನ ಮೂಗಿನ ಮೇಲೆ ಚೈನಿನ ಕಪ್ಪು ಎಣ್ಣೆ ಮೆತ್ತಿತ್ತು. ಕೆಳಗೆ ಹೊಳೆ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಆಕೆ ಒಪ್ಪಿಕೊಳ್ಳಲಿಲ್ಲ.

"ಇನ್ನೊಂದು ಸಲ ನನ್ನನ್ನ ಈ ಕಡೆ ಕರೆದ್ರೆ ನೋಡಿ," ಎಂದಳು.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ಆಯ್ತಾ ಗುಡುಗಮ್ಮ?" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

*

"ಕೀಳ್ಲಾ ಅತ್ತಿಗೆ?" ಡಾಕ್ಟರು ಕೇಳಿದರು.

"ಅದನ್ನ ವಾಪಸ್ ಬರ್ತಾ ನೋಡ್ಕೋತೀನಿ," ಎಂದಳು ಆಕೆ.

ಏರು ಕಡಿದಾಗಿದೆ, ಜನ ಇಳಿದರೆ ಒಳ್ಳೆಯದು ಎಂದ ಡ್ರೈವರು. ಮಗಳು ಇಳಿದಳು. ಭಾವ ಹತ್ತಿ ಕೂತರು. ಆಕೆಗೂ ಮೊಣಕಾಲು ನೋವಿತ್ತು, ಹತ್ತಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಆಕೆ ಕೇಳಲಿಲ್ಲ. ಡ್ರೈವರನಿಗೆ ಮೆಲ್ಲಗೆ ಹೋಗಲು ಹೇಳಿ ವ್ಯಾನಿನ ಪಕ್ಕದಲ್ಲೇ, ಪೆಟ್ಟಿಗೆಯಿದ್ದ ಕಡೆಯ ಕಿಟಕಿಯ ಚೌಕಟ್ಟು ಹಿಡಿದುಕೊಂಡು ನಡೆಯತೊಡಗಿದಳು. ಹಿಂದೆ ಸೈಕಲ್ಲಿನವರು ಒಬ್ಬೊಬ್ಬರಾಗಿ ಇಳಿದರು. ಯಾರೂ ತುಳಿಯಲಿಲ್ಲ, ತಳ್ಳಿಕೊಂಡು ಬಂದರು.

ಸೀಳು ಬಂಡೆ ಬಂತು. ಅಲ್ಲಿಂದ ಶುರುವಾಯಿತು.

"ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂದೆ. ಕೇಳಿದ್ರಾ? ಬಚ್ಚಲುಮನೆ ದೀಪ ಆರಿಸಿ ಅಂದೆ. ಕೇಳಿದ್ರಾ? ವಯಸ್ಸಾಯ್ತು, ಅಂಗಡಿ ಮಧ್ಯಾಹ್ನ ಮುಚ್ಚಿ ಮನೆಗೆ ಬಂದು ಮಲಗಿ ಅಂದೆ, ಅದನ್ನಾದ್ರೂ ಕೇಳಬೇಕಿತ್ತಲ್ರೀ."

ವ್ಯಾನು ಮೊದಲನೇ ಗೇರಿನಲ್ಲಿ ನರಳುತ್ತ ಏರುತ್ತಿತ್ತು. ಆಕೆಯ ಗಂಟಲು ಅದನ್ನು ಮೀರಿಸಿ ಕಣಿವೆಯಾಚೆಯ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಮಗಳು ತಡೆಯಲು ಹೋದಳು. ಡಾಕ್ಟರು ಅವಳ ಭುಜ ಹಿಡಿದು ನಿಲ್ಲಿಸಿದರು.

"ಬಾಯಿ ನೋಯುವಷ್ಟು ಹೇಳಿದ್ದೀನಿ. ಒಂದು ಕಿವೀಲಿ ಕೇಳಿ ಇನ್ನೊಂದ್ರಲ್ಲಿ ಬಿಟ್ರಿ. ಜೀವಮಾನದಲ್ಲಿ ನನ್ನ ಒಂದೇ ಒಂದು ಮಾತು ಕೇಳಿದ್ದು ನೀವು. ಇನ್ನೊಂದು ಸಲ ಕರೆದ್ರೆ ನೋಡಿ ಅಂದೆ, ಅದನ್ನ ಕೇಳಿದ್ರಿ! ಅದನ್ನ ಯಾರ್ರೀ ಕೇಳಿ ಅಂದಿದ್ದು? ಸಿಟ್ಟಲ್ಲಿ ಆಡಿದ ಮಾತು ಯಾವುದು, ನಿಜವಾದ ಮಾತು ಯಾವುದು ಅಂತ ಗೊತ್ತಾಗಲಿಲ್ವಾ ನಿಮಗೆ? ವಾರವಾರ ಇಲ್ಲಿ ಬಂದು ಗಾಳೀಲಿ ನನ್ನ ಬೈಗುಳ ಕೇಳೋ ಬದ್ಲು, ಮನೇಲಿ ನಾನಿದ್ನಲ್ಲ. ಕರ್ದಿದ್ರೆ ಬಂದು ಇಲ್ಲೇ ಬೈತಿದ್ನಲ್ಲ!"

ತಿರುವು ದಾಟಿತು. ಉಸಿರು ಸಿಕ್ಕಿಕೊಳ್ಳುತ್ತಿತ್ತು, ಎರಡು ಹೆಜ್ಜೆಗೊಂದು ಮಾತು, ಆಮೇಲೆ ಮಾತಿಗೊಂದು ಹೆಜ್ಜೆ. ಟವೆಲು ಬಂತು, ಸಾಕ್ಸು ಬಂತು, ಹಾಡು ಬಂತು. ಯಾವ ಹಾಡ್ರೀ ಅದು, ಒಂದು ಸಾಲು ನನಗೆ ಹೇಳಿದ್ರೆ ಸವೆದುಹೋಗ್ತಿತ್ತಾ, ಎಂದು ಕೇಳಿದಳು. ಹಿಂದೆ ಅಷ್ಟು ಜನ ತಳ್ಳಿಕೊಂಡು ಬರುತ್ತಿದ್ದ ಸೈಕಲ್ಲುಗಳ ಚಕ್ರಗಳು ಟಿಕಟಿಕ ಎನ್ನುತ್ತಿದ್ದವು.

ತುದಿಯಲ್ಲಿ ದಾರಿ ಸಮವಾಯಿತು. ಡ್ರೈವರು ವ್ಯಾನು ನಿಲ್ಲಿಸಿ ಎಂಜಿನ್ ಆರಿಸಿದ. ಮುಂದೆ ಸ್ಮಶಾನದ ಹಿಂಬಾಗಿಲು, ಕೆಳಗೆ ಕಾಡಿನ ನಡುವೆ ಹೊಳೆ.

ಆಕೆ ಕಿಟಕಿಯ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ ಅಂಚಿನಲ್ಲಿ ನಿಂತಳು. ಕರ್ಚೀಫಿನಿಂದ ಹಣೆ ಒರೆಸಿಕೊಂಡಳು. ಎದೆ ಏರಿಳಿಯುತ್ತಿತ್ತು, ಗಂಟಲು ಪೂರ್ತಿ ಒಣಗಿತ್ತು. ಹೊಳೆಯ ಮೇಲಿನ ಕಣ್ಣು ಕೀಳದೆ, ತಿರುಗಿ ನೋಡದೆ, ವ್ಯಾನಿನ ಕಡೆಗೆ ಕೈ ಚಾಚಿದಳು.

"ರೀ, ನೀರು."

ಡಾಕ್ಟರು ಸೈಕಲ್ಲಿನ ಬಾಟಲಿಗೆ ಕೈ ಹಾಕಿದವರು ಅಲ್ಲೇ ತಡೆದು ನಿಂತರು. ಆಕೆ ಅಂಗೈ ತೆರೆದು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.